ಖಾಜಾಸಾಬನ ನಡತೆ

"ತಡೀರಿ, ಎತ್ತಬ್ಯಾಡ್ರಿ," ಎಂದು ಮುಲ್ಲಾ ರಾಜೇಸಾಬ ಕೈ ಅಡ್ಡ ಹಿಡಿದ. ಶವ ಇಟ್ಟಿದ್ದ ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ನಿಂತರು.

"ಯಾಕ್ರಿ? ಬಿಸಲ ಏರಾಕತ್ತೇತಿ," ಎಂದ ಅವರಲ್ಲೊಬ್ಬನಾದ ದ್ಯಾಮಪ್ಪ. ಅವನು ಸತ್ತ ಖಾಜಾಸಾಬನ ಬಾಲ್ಯದ ಗೆಳೆಯ. ಬೆಳಗಿನಿಂದ ಅತ್ತು ಅವನ ದನಿ ಒಡೆದಿತ್ತು.

"ಗೌಡ್ರು ಬರೂತನಕ ಎತ್ತಬಾರದಂತ. ಸಕೀನಾಬಿ ಹೇಳ್ಯಾಳ."

ಅಂಗಳದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಸತ್ತವನು ಯಾರಿಗಾದರೂ ತಪ್ಪು ಮಾಡಿದ್ದರೆ ಮಾಫ್ ಕೇಳಿ, ಅವನು ಹೇಗಿದ್ದ ಎಂದು ನೆರೆದವರ ಬಾಯಿಂದ ಹೇಳಿಸಿ ನಮಾಜಿಗೆ ಒಯ್ಯುವುದು ಪಾಳಾ ಊರಿನ ವಾಡಿಕೆ. ಖಾಜಾಸಾಬ ತಪ್ಪು ಮಾಡಿದ್ದು ಒಂದೇ ಮನೆಗೆ. ಆ ಮನೆಯವರೇ ಬಂದು ಹೇಳಲಿ ಎಂಬುದು ಅವನ ಹೆಂಡತಿಯ ಹಠ. ಆದರೆ ಅವನ ಬಾಯಿಗೆ ಬಂದ ತುತ್ತು ತಪ್ಪಿಸಿದವರೂ ಅದೇ ಮನೆಯ ಕರಿಬಸಪ್ಪಗೌಡರು, ಊರ ಪೊಲೀಸ್ ಪಾಟೀಲರು. ಯಾವ ಮುಖ ಹೊತ್ತು ಬಂದಾರು?

* * *

ಇಪ್ಪತ್ತು ವರ್ಷದ ಹಿಂದಿನ ಮಾತು. ಹೊಸ ಮದುವೆ. ಸಕೀನಾ ಹಳಿಯಾಳದ ತವರಿಗೆ ಹೋಗಿ ತಿಂಗಳಾಗಿತ್ತು. ಮುಂಡಗೋಡದ ಸಂತೆಯಲ್ಲಿ ಕುಡಿದು ಬಂದ ಖಾಜಾಸಾಬನಿಗೆ ಹೆಂಡತಿಯ ನೆನಪು ಉಕ್ಕಿತು. ಕುಡಿದವನಿಗೆ ಹಳಿಯಾಳ ಹಿತ್ತಲಿನಷ್ಟು ಹತ್ತಿರ. ಗೌಡರ ಮನೆಯ ಕುದುರೆ ಬಿಚ್ಚಿಕೊಂಡು ಹಾಡುತ್ತ ಹೊರಟೇಬಿಟ್ಟ. ದಾರಿಯ ಹಳ್ಳದಲ್ಲಿ ಕುದುರೆ ಬಿದ್ದು ಸತ್ತಿತು. ಇವನಿಗೆ ಮೂರು ತಿಂಗಳ ಸಜೆ ಆಯಿತು.

ಹೊರಬಂದವನು ಮತ್ತೆ ಹೆಂಡ ಮುಟ್ಟಲಿಲ್ಲ. "ಹೇಂತಿ ಸಲುವಾಗಿ ಜೇಲಿಗೆ ಹೋದಾಂವ ಈ ಸೀಮ್ಯಾಗ ನಾ ಒಬ್ಬನ ನೋಡ್ರಿ," ಎಂದು ದ್ಯಾಮಪ್ಪನ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. ಸಕೀನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಎಂಥ ಚೆಂದದ ದಿನಗಳು ಅವು!

* * *

ಎರಡನೇ ಮಹಾಯುದ್ಧ ಜೋರಾದಾಗ ದಾಂಡೇಲಿಯ ಕಾಡಿನಲ್ಲಿ ಮಿಲಿಟರಿಯವರ ಪೆಟ್ರೋಲ್ ಗೋದಾಮಿಗೆ ಕಾವಲುಗಾರರು ಬೇಕಾದರು. ಖಾಜಾಸಾಬನನ್ನು ಆರಿಸಿಯೂ ಆಗಿತ್ತು. ಅಂಥ ಜಾಗಕ್ಕೆ ಯಾರ್ಯಾರನ್ನೋ ಬಿಡುವುದಿಲ್ಲವಲ್ಲ. ಇವನ ನಡತೆಯ ತಪಾಸಣೆಗೆ ತುಂಬಿ ಕಳಿಸುವ ಕಾಗದವೊಂದು ಗೌಡರಿಗೆ ಬಂತು.

"ಹಳೇದು ಬರೀಬ್ಯಾಡ್ರಿ ಗೌಡ್ರ," ಎಂದು ಖಾಜಾಸಾಬ ಕೈಮುಗಿದ.

"ಸಜಾ ಆಗೇತೇನು ಅಂತ ಕೇಳ್ಯಾರೋ. ಇಲ್ಲಂತ ಹೆಂಗ ಬರೀಲಿ?"

"ಈಗ ಹೆಂಗದಾನ ಅಂತ ಕೇಳಿಲ್ಲೇನ್ರಿ?"

ಗೌಡರು ಕಾಗದವನ್ನು ತಿರುವಿ ನೋಡಿದರು. "ಅದಕ್ಕ ಜಾಗಾ ಬಿಟ್ಟಿಲ್ಲೋ," ಎಂದು ಇದ್ದದ್ದನ್ನು ಇದ್ದಹಾಗೆ ಬರೆದರು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಒದೆ ಬಿದ್ದದ್ದು ಮಾತ್ರ ಖಾಜಾಸಾಬನ ಎದೆಗೆ. ನೌಕರಿ ಹೋಯಿತು. ಅಂದಿನಿಂದ ಸಕೀನಾ ಗೌಡರೊಡನೆ ಮಾತು ಬಿಟ್ಟಳು.

* * *

ಗೌಡರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಅಂಗಳದ ಅಂಚಿನಲ್ಲಿ ನಿಂತರು.

"ಈ ಮನಷ್ಯಾ ಹೆಂಗಿದ್ದಾ?" ಎಂದು ಮುಲ್ಲಾ ಕೇಳಿದ.

"ಚಲೋ ಮನಷ್ಯಾ ಇದ್ದಾ," ಎಂದರು ಎಲ್ಲರೂ.

ಪರದೆಯ ಹಿಂದಿನಿಂದ ಸಕೀನಾಳ ದನಿ ಬಂತು. "ಗೌಡ್ರು ಹೇಳ್ಲಿ. ಸರ್ಕಾರಕ್ಕ ಬರದ ಕೊಟ್ಟಾರ. ಇವತ್ತ ಊರ ಮುಂದ ಬಾಯಿಲೆ ಹೇಳ್ಲಿ."

ಗೌಡರು ಪರದೆಯ ಕಡೆ ತಿರುಗಿದರು. "ಕುದರಿ ಮಾತು ಎಂದೋ ಮಾಫ್ ಆಗೇತಿ, ತಂಗಿ. ಆ ಕಾಗದಾ ಬರಿಯೂಕಿಂತ ಎಂಟು ವರ್ಷ ಮೊದಲಿಂದ ನಮ್ಮ ಕಾಳಿನ ಖೋಲಿ ಕೀಲಿಕೈ ಇವನ ಕಡೆ ಇತ್ತು. ಬರದ ಮ್ಯಾಲೂ ಅದನ್ನ ಹೊಳ್ಳಿ ಇಸಗೊಳ್ಳಲಿಲ್ಲ. ನನ್ನ ಮನಿಗೆ ಬೇಕಾದ ಕಾವಲುಗಾರ ಸರ್ಕಾರಕ್ಕ ಬ್ಯಾಡ ಅನ್ನೂಹಂಗ ಬರದೆ. ಜಾಗಾ ಇರ್ಲಿಲ್ಲಂದ್ರ ಅಂಚಿನ್ಯಾಗರೆ ಬರೀಬೇಕಿತ್ತು." ಅವರು ಕಣ್ಣೊರೆಸಿಕೊಂಡರು. "ಚಲೋ ಮನಷ್ಯಾ ಇದ್ದಾ. ನನಗಿಂತ ಚಲೋ."

ದ್ಯಾಮಪ್ಪ ತನ್ನ ಜಾಗ ಬಿಟ್ಟುಕೊಟ್ಟ. ಗೌಡರು ಬಗ್ಗಿ ಹೆಗಲು ಕೊಟ್ಟರು, ಜನಾಜಾ ಮೇಲೆದ್ದಿತು.

ಮನೆಬಾಗಿಲ ಮುಂದೆ ಹಾಯುವಾಗ ಪರದೆಯ ಸಂದಿನಿಂದ ಬಳೆಯಿಲ್ಲದ ಕೈಯೊಂದು ಹೊರಬಂತು. ಅಂಗೈಯಲ್ಲಿ ಕೀಲಿಕೈ ಇತ್ತು.

"ನಿಮ್ಮದು, ಗೌಡ್ರ."

ಗೌಡರ ಎರಡೂ ಕೈ ಜನಾಜಾದ ಕೋಲನ್ನು ಹಿಡಿದಿದ್ದವು. "ನಿನ್ನ ಕಡೇನ ಇರ್ಲಿ, ತಂಗಿ," ಎಂದು ಮುಂದೆ ಹೆಜ್ಜೆಯಿಟ್ಟರು.

ಆ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು. ಆಮೇಲೆ ಬೆರಳು ಮಡಚಿಕೊಂಡು ಒಳಗೆ ಹೋಯಿತು.