ಹೆಸರಿಲ್ಲದ ಬಾಂಡು

ಪಿರಿಯಾಪಟ್ಟಣದ ಸುತ್ತ ಯಾರ ಕೈ ಬರಿದಾದರೂ ಅವರು ಬಂದು ಕೂರುತ್ತಿದ್ದುದು ಕಂಠಪ್ಪನ ಜಗಲಿಯ ಮೇಲೆ. ತೊಂಬತ್ತರ ದಶಕದ ಮಾತು. ಪೋಸ್ಟಾಫೀಸಿನಲ್ಲಿ ಆಗ ಹೆಸರೇ ಬರೆಯದ ಬಾಂಡು ಸಿಗುತ್ತಿತ್ತು. ಐದಾರು ವರ್ಷ ಇಟ್ಟುಕೊಂಡರೆ ದುಡ್ಡು ದುಪ್ಪಟ್ಟು. ಯಾರ ಕೈಲಿದೆಯೋ ಅವರೇ ಯಜಮಾನರು. ಕಳೆದುಹೋದರೆ ಹೋಯಿತು, ಹರಿದುಹೋದರೆ ಹೋಯಿತು. ಹೊಗೆಸೊಪ್ಪಿನ ಹರಾಜಿನ ದುಡ್ಡಲ್ಲಿ ಜನ ಅದನ್ನು ಕೊಳ್ಳುವರು. ಮದುವೆಯೋ ಕಾಯಿಲೆಯೋ ಬಂದಾಗ ಅವಧಿ ತುಂಬುವ ಮೊದಲೇ ತಂದು ಕಂಠಪ್ಪನಿಗೆ ಮಾರುವರು, ಅವನು ಹೇಳಿದ ರೇಟಿಗೆ.

ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಮೂಟೆಯ, ಅಂದರೆ ಬೇಲಿನ, ಬಾಯಿ ಹೊಲಿಯುತ್ತಿದ್ದ ಆಸಾಮಿ ನೋಡನೋಡುತ್ತ ಬಾಂಡ್ ಕಂಠಪ್ಪನಾದ. ಅಬ್ಬಬ್ಬಾ, ಏನು ದರ್ಬಾರು! ಹುಣಸೂರು, ಕೆ.ಆರ್. ನಗರದ ಸೇಠುಗಳೂ ಇವನ ರೇಟು ಕೇಳಿಕೊಂಡೇ ಬಾಯಿ ಬಿಡುತ್ತಿದ್ದರು. ನಂಬಿಕೆ ಎಷ್ಟೆಂದರೆ, ಮಾರದವರೂ ತಮ್ಮ ಬಾಂಡನ್ನು ಅವನ ಟ್ರಂಕಿನಲ್ಲೇ ಇಡುತ್ತಿದ್ದರು.

ಹೊಗೆಸೊಪ್ಪಿನ ಘಾಟಿಗೆ ಗೆದ್ದಲು ಸುಳಿಯದೆಂದು ಅವನು ಟ್ರಂಕಿನೊಳಗೆ ಒಂದು ಪದರ ಸೊಪ್ಪು, ಒಂದು ಪದರ ಬಾಂಡು ಹಾಸಿದ್ದ.

"ಮಳೆಗಾಲದಲ್ಲಿ ಸೊಪ್ಪು ಬೆವರ್ತದೆ ಕಣ್ರೀ, ಆಗಾಗ ಬಿಸ್ಲಿಗಾಕಿ," ಎಂದಳು ಹೆಂಡತಿ ಮರಮ್ಮ.

"ಸುಮ್ಕಿರಮ್ಮಿ, ಸೊಪ್ಪಿನ್ ಇಚಾರ ನಂಗೇಳ್ಕೊಡ್ತೀಯಾ?"

ಆ ವರ್ಷ ಮಳೆ ಬಿಡಲೇ ಇಲ್ಲ. ಊರೂರು ತಿರುಗಿ ಬಾಂಡು ಕೊಳ್ಳುವ ಭರದಲ್ಲಿ ಮನೆಯ ಟ್ರಂಕು ಮರೆತೇಹೋಗಿತ್ತು. ತೆಗೆದು ನೋಡುತ್ತಾನೆ, ಸೊಪ್ಪು ಬೂಷ್ಟು ಹಿಡಿದು ಕೊಳೆತು, ಕಾಗದಕ್ಕೆ ಅಂಟಿ ಕಪ್ಪಗಾಗಿದೆ. ನಂಬರು ಕಾಣದ ಬಾಂಡನ್ನು ಪೋಸ್ಟಾಫೀಸಿನವರು ಮುಟ್ಟಲಿಲ್ಲ. ಮೇಲಿನ ಒಂದು ಕಟ್ಟು ಮಾತ್ರ ಉಳಿದಿತ್ತು, ಜನ ಇಡಲು ಕೊಟ್ಟದ್ದಕ್ಕೆ ಸರಿಹೋಗುವಷ್ಟು.

ಅದನ್ನಿಟ್ಟುಕೊಂಡರೆ ಕಂಠಪ್ಪ ಮತ್ತೆ ಎದ್ದು ನಿಲ್ಲಬಹುದಿತ್ತು. ಹೆಸರಿಲ್ಲದ ಕಾಗದ ತಾನೆ, ಕೊಳೆತದ್ದು ನಿಮ್ಮದೇ ಎಂದುಬಿಟ್ಟರೆ ಯಾರು ಕೇಳಬೇಕು? ಎರಡು ದಿನ ಅನ್ನ ಸೇರಲಿಲ್ಲ.

"ಕೊಟ್ಬುಡಿ," ಎಂದಳು ಮರಮ್ಮ. "ಬೇಲ್ ಹೊಲ್ಕಂಡು ಬದುಕ್ಲಿಲ್ವಾ ನಾವು?"

ಕೊಟ್ಟುಬಿಟ್ಟ. ಒಬ್ಬೊಬ್ಬರನ್ನೇ ಕರೆಸಿ ಕೊಟ್ಟ. ಕೊಡುತ್ತ ಕೊಡುತ್ತ ಎದೆ ಹಗುರಾಯಿತು. ದುಡ್ಡು ಹೋದರೂ ಮಾನ ಉಳಿಯಿತಲ್ಲ ಎಂದು ಒಳಗೊಳಗೇ ಬೀಗಿದ ಕೂಡ.

ಕೊನೆಗೆ ಬಂದವಳು ಸೊಪ್ಪು ಕಟ್ಟುವ ಕೂಲಿಯ ಚಿಕ್ಕಸಿದ್ದಮ್ಮ. ಬಾಂಡನ್ನು ಕೈಗೆ ತೆಗೆದುಕೊಂಡವಳೇ ಮತ್ತೆ ಅವನಿಗೇ ಚಾಚಿದಳು.

"ನೀವೇ ತಕ್ಕಳಿ ಕಂಠಪ್ನೋರೆ. ಮೊಮ್ಮಗಳ ಮದ್ವೆ ಅದೆ. ಎಷ್ಟ್ ಕೊಟ್ರೂ ಸರಿ."

"ನನ್ ತಾವ ಕಾಸಿಲ್ಲ ಕಣಕ್ಕ. ಇನ್ನೊಂದ್ ತಿಂಗ್ಳು ತಡ್ಕೊ. ಪೋಸ್ಟಾಫೀಸಲ್ಲಿ ಪೂರ್ತಿ ಹತ್ಸಾವ್ರ ಕೊಡ್ತಾರೆ."

ಇಷ್ಟು ವರ್ಷದಲ್ಲಿ ಅವನು ಯಾರಿಗೂ ತಡೆದುಕೋ ಎಂದವನಲ್ಲ.

"ಪೂರ್ತೀನಾ? ಒಂದೇ ತಿಂಗ್ಳಿಗಾ?" ಮುದುಕಿ ಬಾಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಓದ್ವರ್ಸ ನನ್ ಮಗ ಆಸ್ಪತ್ರೇಲಿದ್ದಾಗ ಇಂತದ್ದೇ ಒಂದ ನಾನ್ ತಂದಿದ್ನಲ್ಲ ಸಾಮಿ, ಏಳ್ ಸಾವ್ರ ಕೊಟ್ರಲ್ಲ. ಅದ್ಕೆ ಇನ್ನೆಷ್ಟ್ ದಿನ ಇತ್ತು?"

ಕಂಠಪ್ಪನಿಗೆ ಚೆನ್ನಾಗಿ ನೆನಪಿತ್ತು. ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

"ಮೂರ್ ವಾರ," ಎಂದ.

ಅವಳು ಬೈದಿದ್ದರೆ ಚೆನ್ನಾಗಿತ್ತು. "ಅಂಗಾ," ಎಂದಳಷ್ಟೆ. ಬಾಂಡನ್ನು ಸೆರಗಿಗೆ ಗಂಟು ಹಾಕಿಕೊಂಡು ಜಗಲಿ ಇಳಿದಳು.