ಕಿಟಕಿಯ ಕಡೆಗಿನ ಬಾಣ

ಅತ್ತಿಗೆಯ ಬಾಯಿಗೆ ಬೀಗವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದು ಪ್ರಯೋಜನವೇನೂ ಆಗಿರಲಿಲ್ಲ. ಪರದೆ ಹೊಲಿಯುವ ಆ ಅಂಗಡಿಯಲ್ಲಿ ಕತ್ತರಿ ಅವಳದು, ಹೊಲಿಗೆಯಂತ್ರ ನಾದಿನಿಯದು. ಹೆಸರಿಗೆ ಗಂಡನ ತಂಗಿ. ಆದರೆ ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ಮನಸ್ಸು ಬಿಚ್ಚಿ ಮಾತಾಡಿದ್ದು ಅವಳೊಬ್ಬಳ ಜೊತೆಯಲ್ಲೇ.

ಈಚೆಗೆ ನಾದಿನಿಗೆ ಇಂಗ್ಲಿಷಿನ ಹುಚ್ಚು ಹಿಡಿದಿತ್ತು. ದಿನಕ್ಕೊಂದು ಪದ ಕಲಿತು ಬಂದು ಅತ್ತಿಗೆಯ ತಲೆ ತಿನ್ನುತ್ತಿದ್ದಳು. ಅವತ್ತಿನ ಪದ 'ಅನ್‌ಡೂ'. ಗುಂಡಿ ಬಿಚ್ಚಿದರೂ ಅದೇ ಪದವಂತೆ, ಗಂಟು ಬಿಚ್ಚಿದರೂ ಅದೇ ಅಂತೆ. ಕಂಪ್ಯೂಟರಿನಲ್ಲಿ ಕೈತಪ್ಪಿ ಅಳಿಸಿದ್ದನ್ನು ವಾಪಸ್ ತರುವುದಕ್ಕೂ ಅದೇ, ಚೆನ್ನಾಗಿದ್ದವರನ್ನು ಹಾಳುಗೆಡವುವುದಕ್ಕೂ ಅದೇ.

"ಇದೊಳ್ಳೆ ಕಥೆ. ಒಬ್ಬಳೇ ಸೊಸೆ ಕೈಲಿ ಇಡೀ ಮನೆ ಕೆಲಸ ಮಾಡಿಸಿದಂಗಾಯ್ತು" ಎಂದು ಅತ್ತಿಗೆ ನಕ್ಕಿದ್ದಳು. ಆಡಿದ ಮಾತಿಗೂ ಅದು ನಡೆಯುತ್ತದೆಯೇ ಎಂದು ಕೇಳಿದಾಗ ನಾದಿನಿ ಯಂತ್ರ ನಿಲ್ಲಿಸಿ ಯೋಚಿಸಿದಳು. ಮಾತಿಗೆ ಹಾಗೆ ಹೇಳುವುದಿಲ್ಲ, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅದಕ್ಕೆ ಬೇರೆ ಪದವಿದೆ ಎಂದಳು. ಮಾತಿನಿಂದ ಆದ ಹಾನಿಯನ್ನು ಬೇಕಾದರೆ ಅನ್‌ಡೂ ಮಾಡಬಹುದಂತೆ.

ಅದೇ ಮಧ್ಯಾಹ್ನ ನಾಟಕ ಮಂದಿರದ ಮ್ಯಾನೇಜರು ಪರದೆ ನೋಡಲು ಬಂದರು. ಕೆಂಪು ಮಖಮಲ್ಲಿನ ದೊಡ್ಡ ಪರದೆ. ಮೇಲಿನ ಪಟ್ಟಿ, ಕೆಳಗಿನ ಮಡಿಕೆ ಇನ್ನೂ ಬಾಕಿ, ಉದ್ದನೆಯ ಬಟ್ಟೆಯ ಪಟ್ಟೆಗಳನ್ನು ಮಾತ್ರ ಜೋಡಿಸಿಯಾಗಿತ್ತು. ತಂತಿಗೆ ತೂಗುಹಾಕಿ ದೀಪ ಹಾಕಿದ್ದೇ ತಡ, ನಟ್ಟನಡುವಿನ ಪಟ್ಟೆ ಬೇರೆ ಬಣ್ಣಕ್ಕೆ ತಿರುಗಿ ಮಿಂಚಿತು. ಮಖಮಲ್ಲಿನ ಮೈಮೇಲಿನ ಕೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಒಂದು ಪಟ್ಟೆ ತಲೆಕೆಳಗಾಗಿ ಸೇರಿದರೆ ಹೀಗೇ ಆಗುವುದು. ಮ್ಯಾನೇಜರ ಮುಖ ಸಪ್ಪಗಾಯಿತು.

ಅತ್ತಿಗೆಗೆ ಮೈ ಉರಿದುಹೋಯಿತು. ಬಾಣ ನೋಡಿಕೊಂಡೇ ಹೊಲಿದೆ ಎಂದು ನಾದಿನಿ ಮೆಲ್ಲಗೆ ಹೇಳಿದಳು. ಕತ್ತರಿಸುವಾಗ ಅತ್ತಿಗೆ ಪ್ರತಿ ಪಟ್ಟೆಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಬಾಣ ಬರೆಯುತ್ತಿದ್ದಳು, ಬಾಣದ ಮೊನೆ ಇದ್ದ ಕಡೆ ಮೇಲೆ ಎಂಬ ಗುರುತಿಗೆ.

"ಬಾಣ ನೋಡೋಕೂ ಕಣ್ಣು ಬೇಕು. ದಿನಾ ಇಂಗ್ಲಿಷ್ ಊದೋದ್ರಲ್ಲೇ ಇರ್ತೀಯ. ನಿನ್ನ ನೆಚ್ಚಿಕೊಂಡು ಅಂಗಡಿ ಇಟ್ಟಿದ್ದೇ ನನ್ನ ತಪ್ಪು."

ನಾದಿನಿ ಯಂತ್ರಕ್ಕೆ ಬಟ್ಟೆ ಮುಚ್ಚಿದಳು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಮರುದಿನ ಬರಲಿಲ್ಲ, ಫೋನೂ ಎತ್ತಲಿಲ್ಲ.

ಅತ್ತಿಗೆ ಬ್ಲೇಡು ಹಿಡಿದು ಒಬ್ಬಳೇ ಹೊಲಿಗೆ ಬಿಚ್ಚಲು ಕೂತಳು. ಬೇಕಾದರೆ ಬರಲಿ, ಬೇಡದಿದ್ದರೆ ಬಿಡಲಿ ಎಂದು ಗೊಣಗುತ್ತ ಒಂದೊಂದೇ ಎಳೆ ಕೀಳುತ್ತಿದ್ದಳು. ಪಟ್ಟೆ ಕಳಚಿ ಬಂತು. ಮಗುಚಿ ಹಾಕಿ ನೋಡಿದಳು. ಬಾಣ ಮೇಲಕ್ಕೇ ಇತ್ತು. ಅಕ್ಕಪಕ್ಕದ ಪಟ್ಟೆಗಳ ಬಾಣ ಹೇಗಿತ್ತೋ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

ಆಗ ಅವಳಿಗೆ ನೆನಪಾಯಿತು. ಮಖಮಲ್ಲಿನ ಥಾನಿನ ತುದಿಯಲ್ಲಿ ಎಣ್ಣೆ ಕಲೆಯಿತ್ತು, ಅದನ್ನು ತಪ್ಪಿಸಲು ಆ ಒಂದು ಪಟ್ಟೆಗೆ ಮಾತ್ರ ಥಾನನ್ನು ಮೇಜಿನ ಆಚೆ ತುದಿಗೆ ತಿರುಗಿಸಿ ಹಾಸಿಕೊಂಡಿದ್ದಳು. ಬಟ್ಟೆ ತಿರುಗಿತ್ತು, ಕೈ ತಿರುಗಿರಲಿಲ್ಲ. ಇಷ್ಟು ವರ್ಷ ಬರೆದ ಅಭ್ಯಾಸದಂತೆ ಬಾಣವನ್ನು ಮೇಜಿನ ತುದಿಯ ಕಿಟಕಿಯ ಕಡೆಗೇ ಎಳೆದಿದ್ದಳು. ನಾದಿನಿ ಅದನ್ನು ನಂಬಿ ಹೊಲಿದಿದ್ದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಷ್ಟು ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಪಟ್ಟೆಯನ್ನು ತಿರುಗಿಸಿ ತಾನೇ ಹೊಲಿದಳು. ಹೊಲಿಗೆ ನಾದಿನಿಯದರಷ್ಟು ನೇರ ಬರಲಿಲ್ಲ. ಬಿಚ್ಚಿದ ಜಾಗಕ್ಕೆ ಹಬೆ ಹಿಡಿದು, ಬ್ರಷ್ಷಿನಲ್ಲಿ ಸವರಿದರೂ ಹಳೇ ಸೂಜಿಯ ತೂತುಗಳು ಪೂರ್ತಿ ಮಾಯವಾಗಲಿಲ್ಲ. ಪರದೆ ಏರಿಸುವ ದಿನ ಗಂಡನ ಕೈಲಿ ಹೇಳಿಕಳಿಸಿದಳು, ಕೆಲಸಕ್ಕಲ್ಲ, ನೋಡುವುದಕ್ಕಾದರೂ ಒಮ್ಮೆ ಬಂದುಹೋಗಲಿ ಎಂದು. ಮ್ಯಾನೇಜರನ್ನೂ ಅಲ್ಲೇ ಇರಲು ಕೇಳಿಕೊಂಡಳು. ಬೈದದ್ದು ಅವರ ಮುಂದೆಯಲ್ಲವೇ?

ನಾದಿನಿ ಬಂದಳು. ಬಂದು ಕೊನೆಯ ಸಾಲಿನ ಕುರ್ಚಿಯ ಹತ್ತಿರ ಮುಖ ಗಂಟಿಕ್ಕಿಕೊಂಡು ನಿಂತಳು. ಪರದೆ ಏರಿತು, ದೀಪಗಳು ಹೊತ್ತಿಕೊಂಡವು. ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು. ಮ್ಯಾನೇಜರು ಹಗುರಾಗಿ, ಅಂತೂ ತಪ್ಪು ಸರಿಹೋಯಿತಲ್ಲ ಎಂದರು.

"ತಪ್ಪು ನಂದು ಮ್ಯಾನೇಜರೇ" ಎಂದಳು ಅತ್ತಿಗೆ, ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ. "ಬಾಣ ಉಲ್ಟಾ ಬರೆದಿದ್ದು ನಾನು. ಅವಳು ಸರಿಯಾಗೇ ಹೊಲಿದಿದ್ದಳು. ಅವತ್ತು ನಾನಾಡಿದ ಮಾತೆಲ್ಲ ವಾಪಸ್ ತಗೋತಿದ್ದೀನಿ."

ಮ್ಯಾನೇಜರು ತಲೆ ಕೆರೆದುಕೊಂಡರು. ನಾದಿನಿ ಕುರ್ಚಿಗಳ ನಡುವೆ ನಿಧಾನವಾಗಿ ನಡೆದುಬಂದು ವೇದಿಕೆ ಹತ್ತಿದಳು. ಪರದೆಯ ಹತ್ತಿರ ಹೋಗಿ ನಡುವಿನ ಪಟ್ಟೆಯ ಅಂಚನ್ನು ಬೆರಳಲ್ಲಿ ಸವರಿದಳು.

"ಮಖಮಲ್ ಮೇಲೆ ಕೈಯಾಡಿಸಿದ್ರೆ ನಂಗೂ ಗೊತ್ತಾಗ್ತಿತ್ತು ಅತ್ತಿಗೆ. ನಿಮ್ಮ ಬಾಣ ಇದೆಯಲ್ಲ ಅಂತ ಸುಮ್ಮನಿದ್ದೆ."

ಎಷ್ಟು ಹಬೆ ಹಿಡಿದರೂ ತೂತು ಹೋಗಲಿಲ್ಲ ಕಣೇ, ಹತ್ತಿರ ಬಂದರೆ ಕಾಣುತ್ತದೆ ಎಂದಳು ಅತ್ತಿಗೆ.

"ಕಾಣಲಿ ಬಿಡಿ. ಇಷ್ಟು ಹತ್ತಿರ ಬರೋರು ನಾವಿಬ್ಬರೇ ತಾನೆ?" ಎಂದಳು ನಾದಿನಿ. ಆಮೇಲೆ ಹೊಸ ಹೊಲಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದೇನತ್ತಿಗೆ, ಹಾವು ಹರಿದಂಗೆ ಹೊಲಿದಿದ್ದೀರ" ಎಂದಳು.

ಅತ್ತಿಗೆಗೆ ಎದೆಯ ಮೇಲಿನ ಭಾರ ಇಳಿದು, ಮೂಗೊರೆಸಿಕೊಳ್ಳುತ್ತಲೇ ನಗು ಬಂತು. ಬೈಯಿ, ಇನ್ನೂ ಬೈಯಿ ಎಂದಳು.