ಆರು ನಿಮಿಷದ ಹಗೆ

ಅತ್ತೆ ಟ್ರಂಕನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, ಸೋಫಾಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿ, ಅಂಗಡಿಯ ಬಾಗಿಲನ್ನು ಸೊಂಟದಿಂದಲೇ ತಳ್ಳಿ ಬೀದಿಗಿಳಿದಳು.

"ಅತ್ತೆ, ನಿಧಾನ," ಎಂದಳು ಹಿಂದೆಯೇ ಬರುತ್ತಿದ್ದ ಅಣ್ಣನ ಮಗಳು.

"ನಿಧಾನ ಅಂತೆ. ರೈಲೇನು ನಿಮ್ಮಪ್ಪಂದಾ, ಕಾಯೋದಕ್ಕೆ?"

ಕಾಯಲು ರೈಲೇ ಇರಲಿಲ್ಲ. ಅತ್ತೆ ಹುಟ್ಟುವುದಕ್ಕೂ ಮೊದಲೇ ಅದು ನಿಂತುಹೋಗಿತ್ತು. ಸೋಫಾ ಅಂಗಡಿ ಒಂದು ಕಾಲಕ್ಕೆ ದೊಡ್ಡ ರೈಲು ಕಂಪನಿಯ ಸ್ಟೇಷನ್ನು. ಬೀದಿಯ ಆ ತುದಿಯಲ್ಲಿ, ಈಗ ಕಾರು ತೊಳೆಯುವ ಶೆಡ್ಡು ಇರುವಲ್ಲಿ, ಸಣ್ಣ ಕಂಪನಿಯ ಸ್ಟೇಷನ್ನು. ದೊಡ್ಡವರ ಸಂಜೆ ಗಾಡಿ ಇಲ್ಲಿಗೆ ಬಂದು ನಿಂತ ಆರು ನಿಮಿಷಕ್ಕೆ ಸಣ್ಣವರ ಗಾಡಿ ಅಲ್ಲಿಂದ ಹೊರಟುಬಿಡುತ್ತಿತ್ತು.

ಈ ಆರು ನಿಮಿಷ ಅಣ್ಣನ ಮಗಳ ಕಣ್ಣಿಗೆ ಬಿದ್ದಿತ್ತು. ಮನೆಯವರೆಲ್ಲ ಅವಳನ್ನು ಪತ್ತೇದಾರಿ ಎಂದೇ ಕರೆಯುತ್ತಿದ್ದರು. ಹಳೆಯ ವೇಳಾಪಟ್ಟಿಗಳನ್ನು ವರ್ಷದಿಂದ ವರ್ಷಕ್ಕೆ ತಾಳೆ ನೋಡುವುದು ಅವಳ ಕೆಲಸ, ಚಟ, ಊಟ, ನಿದ್ದೆ. ಸಣ್ಣ ಕಂಪನಿ ತನ್ನ ಗಾಡಿಯ ಸಮಯ ಬದಲಿಸಿದಾಗಲೆಲ್ಲ ದೊಡ್ಡ ಕಂಪನಿ ಬೆನ್ನು ಹತ್ತಿದ ಹಾಗೆ ತಾನೂ ಬದಲಿಸುತ್ತಿತ್ತು. ನಡುವಿನ ಅಂತರ ಮಾತ್ರ ಎಳ್ಳಷ್ಟೂ ಕದಲುತ್ತಿರಲಿಲ್ಲ. ಯಾಕೆ? ಎರಡೂ ಹಾವು ಮುಂಗುಸಿ. ಇಳಿದವರು ಸಾಮಾನು ಹೊತ್ತು ಬೀದಿ ದಾಟುವಷ್ಟರಲ್ಲಿ ಆ ಗಾಡಿ ತಪ್ಪಲಿ, ಸಣ್ಣವರು ಸೊರಗಲಿ ಎಂಬ ಹೊಟ್ಟೆಕಿಚ್ಚು. ಸಣ್ಣ ಲೈನು ಸತ್ತದ್ದೇ ಹಾಗೆ ಎಂದು ಅವಳು ತನ್ನ ಪುಸ್ತಕದಲ್ಲಿ ಬರೆದಿದ್ದಳು. ಪ್ರಕಾಶಕರು ಪುಸ್ತಕ ಒಪ್ಪಿದ್ದೇ ಆ ಅಧ್ಯಾಯ ಓದಿ. ಮುಂದಿನ ವಾರ ಅಚ್ಚಿಗೆ.

ಕರಡು ಓದಿದ ಮೀಸೆ ಮಾತ್ರ ಮೂಗು ಮುರಿದಿದ್ದ. ಮೀಸೆ ಎಂದರೆ ಹಳೆಯ ಕಾಗದಪತ್ರಗಳ ದಫ್ತರಖಾನೆಯಲ್ಲಿ ಅವಳ ಎದುರು ಕುರ್ಚಿಯಲ್ಲಿ ಕೂತು ಬಸ್ಸುಗಳ ಚರಿತ್ರೆ ಬರೆಯುವವನು. "ಹಗೆಯೂ ಇಲ್ಲ, ಹೊಗೆಯೂ ಇಲ್ಲ. ಬಸ್ಸು ಬಂತು, ರೈಲು ಹೋಯ್ತು," ಎಂದಿದ್ದ. "ಆ ಬೀದೀಲಿ ಒಂದು ಸಲನಾದ್ರೂ ಟ್ರಂಕ್ ಹಿಡ್ಕೊಂಡು ನಡೆದಿದೀಯಾ?"

"ಆರು ನಿಮಿಷದಲ್ಲಿ ಆಗಲ್ಲ, ನಡೆಸಿ ತೋರಿಸ್ತೀನಿ. ಪ್ರಯಾಣಿಕರನ್ನ ಆರಿಸೋದು ಮಾತ್ರ ನಾನು."

ಆರಿಸಿದ್ದು ಅತ್ತೆಯನ್ನು. ಎದುರು ಮನೆಗೆ ಸಕ್ಕರೆ ತರಲು ಹೋದರೆ ಮಧ್ಯಾಹ್ನದ ಮೇಲೆ ಬರುವವಳು. ದೀಪದ ಕಂಬ ಸಿಕ್ಕರೂ ಅದರ ಯೋಗಕ್ಷೇಮ ವಿಚಾರಿಸುವವಳು. ಪತ್ತೇದಾರಿ ಟ್ರಂಕಿಗೆ ವೇಳಾಪಟ್ಟಿಗಳ ನಕಲುಗಳನ್ನು ತುಂಬಿ, ಎತ್ತಿ ನೋಡಿ, ಇನ್ನಷ್ಟು ತುಂಬಿದ್ದಳು. ಅತ್ತೆಗೆ ಹೇಳಿದ್ದು ಇಷ್ಟೇ: ಇಲ್ಲಿ ರೈಲಿಳಿದು ಅಲ್ಲಿ ಇನ್ನೊಂದು ಹತ್ತಬೇಕು ಅಂದ್ಕೋ, ನಿನ್ನ ಪಾಡಿಗೆ ನಡಿ.

ಈಗ ಆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಣದ ಹಾಗೆ ಹೋಗುತ್ತಿದ್ದಳು.

ದರ್ಜಿ ಹೊಲಿಗೆ ಮೆಷಿನ್ ನಿಲ್ಲಿಸಿ ಕತ್ತು ಹೊರಗೆ ಹಾಕಿದ. "ಅಕ್ಕಾ, ಎಲ್ಲಿಗೆ?"

"ರೈಲಿಗೆ."

"ಯಾವ ರೈಲು?"

"ನಿಂತುಹೋಗಿರೋದು," ಎಂದಳು ಅತ್ತೆ, ನಿಲ್ಲದೆ.

ದರ್ಜಿಯ ಮೇಲೆ ಪತ್ತೇದಾರಿ ದೊಡ್ಡ ಭರವಸೆ ಇಟ್ಟಿದ್ದಳು. "ಅತ್ತೆ, ಅವರ ಮಗಳಿಗೆ ಹುಷಾರಿಲ್ವಂತೆ, ಒಂದು ಮಾತು ಕೇಳಬಾರದಾ?"

"ಆಮೇಲೆ ಕೇಳ್ತೀನಿ. ನೀನು ಬಾಯಿ ಮುಚ್ಕೊಂಡು ಕಾಲು ಹಾಕು."

ಕಾರು ತೊಳೆಯುವವರ ಪೈಪನ್ನು ದಾಟಿ, ನೊರೆಯ ನೀರಲ್ಲಿ ಚಪ್ಪಲಿ ಪಚಪಚ ಎನಿಸುತ್ತಾ, ಅತ್ತೆ ಹಳೆಯ ಪ್ಲಾಟ್‌ಫಾರಮ್ಮಿನ ಕಲ್ಲಂಚಿನ ಮೇಲೆ ಟ್ರಂಕನ್ನು ದೊಪ್ಪೆಂದು ಇಟ್ಟು, ಅದರ ಮೇಲೆ ತಾನು ಕೂತಳು. ಅಲ್ಲಿ ಗಡಿಯಾರ ಹಿಡಿದು ನಿಂತಿದ್ದ ಮೀಸೆ ಗುಂಡಿ ಒತ್ತಿದ.

"ಸಿಕ್ತಾ?" ಎಂದಳು ಅತ್ತೆ, ಏದುಸಿರು ಬಿಡುತ್ತಾ.

"ಸಿಕ್ತು. ಕಿಟಕಿ ಪಕ್ಕದ ಸೀಟು ಹುಡುಕೋಕೂ ಟೈಮಿದೆ."

ಅತ್ತೆಯ ಮುಖ ಊರಗಲವಾಯಿತು. ಪತ್ತೇದಾರಿ ಪಕ್ಕದಲ್ಲಿ ಕುಸಿದು ಕೂತಳು. "ಯಾರು ನಿನ್ನ ಓಡು ಅಂದದ್ದು?"

"ಮತ್ತೆ? ರೈಲು ತಪ್ಪಿಸ್ಕೋಬೇಕು ಅಂತ ಯಾರಾದ್ರೂ ಮನೆಯಿಂದ ಹೊರಡ್ತಾರಾ?"

ಪತ್ತೇದಾರಿ ಬೀದಿಯನ್ನೇ ನೋಡಿದಳು. ದೊಡ್ಡವರು ಸಣ್ಣವರ ಬೆನ್ನು ಹತ್ತಿದ್ದು ನಿಜ. ಸಮಯ ಬದಲಾದಾಗಲೆಲ್ಲ ಯಾರೋ ಒಬ್ಬ ಗುಮಾಸ್ತ ಕೂತು, ಲೆಕ್ಕ ಹಾಕಿ, ಟ್ರಂಕು ಹೊತ್ತ ಹೆಂಗಸು ಬೀದಿ ದಾಟಲು ಬೇಕಾದಷ್ಟು ಹೊತ್ತನ್ನು ಮತ್ತೆ ಮತ್ತೆ ಉಳಿಸಿಕೊಟ್ಟಿದ್ದ. ಅದನ್ನೇ ಅವಳು ಹೊಟ್ಟೆಕಿಚ್ಚು ಅಂದುಕೊಂಡಿದ್ದಳು. ನಗು ಬರತೊಡಗಿತು, ಜೊತೆಗೆ ಅಚ್ಚಿಗೆ ಹೊರಟ ಪುಸ್ತಕದ ನಡು ಮುರಿದದ್ದೂ ಗೊತ್ತಾಯಿತು.

"ಯಾಕೆ, ಏನಾಯ್ತೀಗ?" ಅತ್ತೆ ಇಬ್ಬರ ಮುಖ ನೋಡಿದಳು.

ಮೀಸೆ ಗಂಟಲು ಸರಿಮಾಡಿಕೊಂಡು ಎಲ್ಲ ಹೇಳಿದ. ಗೆದ್ದವನ ಹಮ್ಮು ಎಲ್ಲೋ ಜಾರಿಹೋಗಿತ್ತು.

"ಅಯ್ಯೋ ಮಂಕೆ, ಮೊದಲೇ ಹೇಳಬಾರದಾ? ತಪ್ಪಬೇಕು ಅಂದಿದ್ರೆ ತಪ್ಪಿಸ್ತಿದ್ದೆ." ಅತ್ತೆ ಎದ್ದು ಟ್ರಂಕಿನ ಹಿಡಿಗೆ ಕೈ ಹಾಕಿದಳು. "ನಡಿ, ಇನ್ನೊಂದ್ಸಲ ಬರ್ತೀನಿ. ದರ್ಜಿ ಹತ್ರ ಒಂದು ಗಳಿಗೆ ನಿಲ್ತೀನಿ. ಅದನ್ನ ಬರ್ಕೋ."

"ಈ ಸಲದ್ದು ನಾನು ನೋಡೇ ಇಲ್ಲ," ಎಂದ ಮೀಸೆ, ಗಡಿಯಾರವನ್ನು ಜೇಬಿಗಿಳಿಸುತ್ತಾ. "ನಿಜವಾಗಲೂ. ಅಧ್ಯಾಯ ಹಾಗೇ ಇರಲಿ."

"ಬೇಡ," ಎಂದಳು ಪತ್ತೇದಾರಿ. "ರೈಲು ಸಿಕ್ತು ಅಂತಲೇ ಬರೀತೀನಿ."